ಬುಡ ನೋಡಿ ಹೆಸರು ಹೇಳಿ

ಅಮೆರಿಕದ ಅಂತರ್ಯುದ್ಧದ (1861–65) ಎರಡು ಫಿರಂಗಿ ಶೆಲ್‌ಗಳನ್ನು ಪಕ್ಕಪಕ್ಕ ಇಟ್ಟರೆ ಅವಳಿಗಳಂತೆ ಕಾಣುತ್ತವೆ. ಎರಡೂ ಎರಕದ ಕಬ್ಬಿಣ, ಎರಡರ ಅಡ್ಡಳತೆಯೂ ಮೂರು ಇಂಚಿನ ಆಸುಪಾಸು, ಮೂತಿಯೂ ಒಂದೇ ತೆರ. ಒಂದು ಉತ್ತರದವರ ಪ್ಯಾರಟ್, ಇನ್ನೊಂದು ದಕ್ಷಿಣದವರ ರೀಡ್. ಹಳೆಯ ಮದ್ದುಗುಂಡು ಕೂಡಿಡುವವರಲ್ಲಿ ಮೂತಿ, ಉದ್ದ ನೋಡಿಯೇ ಹೆಸರು ಹಚ್ಚಿಬಿಡುವ ರೂಢಿ ಉಂಟು. ಅದು ನನಗೆ ಒಪ್ಪಿಗೆಯಿಲ್ಲ. ಶೆಲ್‌ನ ಜಾತಕ ಇರುವುದು ಬುಡದಲ್ಲಿ.

ಸುರುಳಿ ತೋಡುಗಳಿರುವ ನಳಿಗೆಯಲ್ಲಿ ಗುಂಡು ಗಿರಗಿರನೆ ತಿರುಗುತ್ತ ಹೊರಡಬೇಕಾದರೆ ಆ ತೋಡುಗಳನ್ನು ಕಚ್ಚಿ ಹಿಡಿಯಬೇಕು. ಆದರೆ ಬಾಯಿಂದ ತುಂಬುವ ಫಿರಂಗಿ. ತುರುಕುವಾಗ ಸಡಿಲ ಇರಬೇಕು, ಹಾರಿಸಿದಾಗ ಬಿಗಿಯಾಗಬೇಕು. ಈ ತೊಡಕನ್ನು ಒಬ್ಬೊಬ್ಬರು ಒಂದೊಂದು ಬಗೆಯಲ್ಲಿ ಬಿಡಿಸಿದರು. ಅಲಬಾಮಾದ ವೈದ್ಯ ಜಾನ್ ರೀಡ್ 1856ರಲ್ಲೇ ಪೇಟೆಂಟ್ ಪಡೆದು, ಶೆಲ್‌ನ ತಳಕ್ಕೆ ಮೆದು ಕಬ್ಬಿಣದ ಬಟ್ಟಲು ಕೂಡಿಸಿದರು. ಮದ್ದು ಸಿಡಿದಾಗ ಅದರ ಅಂಚು ಅರಳಿ ತೋಡುಗಳಿಗೆ ಇಳಿಯುತ್ತದೆ. ವೆಸ್ಟ್ ಪಾಯಿಂಟ್ ಫೌಂಡ್ರಿಯ ರಾಬರ್ಟ್ ಪ್ಯಾರಟ್ ಅದೇ ಜಾಡು ಹಿಡಿದು ಹಿತ್ತಾಳೆಯ ಬಳೆ ತೊಡಿಸಿದರು. ಹಾಚ್‌ಕಿಸ್ ಎಂಬ ಇನ್ನೊಂದು ಶೆಲ್‌ನದು ಬೇರೆ ಯೋಚನೆ: ಮುಂದೊಂದು ತುಂಡು, ಹಿಂದೊಂದು ಟೊಪ್ಪಿ, ನಡುವೆ ಸೀಸದ ಪಟ್ಟಿ. ಟೊಪ್ಪಿ ಮುಂದಕ್ಕೆ ನುಗ್ಗಿ ಸೀಸವನ್ನು ಹೊರಕ್ಕೆ ಹಿಂಡುತ್ತದೆ.

ಇವೆಲ್ಲಕ್ಕಿಂತ ನನ್ನನ್ನು ಹಿಡಿದು ನಿಲ್ಲಿಸುವುದು ಶೆಂಕಲ್ ಶೆಲ್. ಹಿಂಭಾಗ ಉದ್ದನೆಯ ಶಂಕುವಿನಂತೆ ಸಪೂರವಾಗುತ್ತ ಹೋಗುತ್ತದೆ, ಮೇಲೆ ಏಣುಗಳು. ಆ ಶಂಕುವಿನ ಸುತ್ತ ಕಾಗದದ ಮುದ್ದೆಯ ಕವಚ. ತೇವ ತಾಗಿದರೆ ಅದು ಉಬ್ಬಿ, ಶೆಲ್ ನಳಿಗೆಗೇ ಇಳಿಯದು. ಹಾರಿಸಿದರೆ ಚೂರುಚೂರಾಗಿ ಉದುರುತ್ತದೆ. ಹಾಗಾಗಿ ಇಂದು ಮಣ್ಣಿನಿಂದ ಏಳುವುದು ಸಾಮಾನ್ಯವಾಗಿ ಬೋಳು ಶಂಕು ಮಾತ್ರ. ಇಲ್ಲದ ವಸ್ತುವೇ ಇಲ್ಲಿ ಗುರುತು.

ಹಾರಿಸಿದ ಶೆಲ್ ಇನ್ನೂ ಹೆಚ್ಚು ಹೇಳುತ್ತದೆ. ಬುಡದ ಬಳೆಯ ಮೇಲೆ ಬೆರಳಾಡಿಸಿ ತೋಡಿನ ಗುರುತು ಎಣಿಸಿ. ಮೂರಿದ್ದರೆ ಹತ್ತು ಪೌಂಡಿನ ಪ್ಯಾರಟ್ ಫಿರಂಗಿ, ಏಳಿದ್ದರೆ ಮೂರು ಇಂಚಿನ ಆರ್ಡ್‌ನೆನ್ಸ್ ರೈಫಲ್. ಶೆಲ್ ಯಾರ ಹೆಸರಿನದು ಎಂಬುದು ಒಂದು ಮಾತು, ಯಾವ ಫಿರಂಗಿಯಿಂದ ಹೊರಟಿತು ಎಂಬುದು ಇನ್ನೊಂದು. ‘ಪ್ಯಾರಟ್ ಶೆಲ್’ ಎಂದಷ್ಟೇ ಬರೆದ ಚೀಟಿ ಎರಡನೆಯದನ್ನು ನುಂಗಿಹಾಕುತ್ತದೆ. ಅದು ಈ ಪದ್ಧತಿಯ ದೊಡ್ಡ ದೋಷ.

ಮೈಯನ್ನು ಪೂರ್ತಿ ಕಡೆಗಣಿಸಬೇಕಿಲ್ಲ. ದಕ್ಷಿಣದ ಅನೇಕ ಶೆಲ್‌ಗಳಲ್ಲಿ ಮೈಗಿಂತ ತುಸು ಉಬ್ಬಿದ ಪಟ್ಟಿಗಳಿವೆ. ಇಡೀ ಮೈಯನ್ನು ಲೇತಿಗೆ ಕೊಡುವ ಬದಲು ಪಟ್ಟಿಗಳನ್ನಷ್ಟೇ ಅಳತೆಗೆ ತರುತ್ತಿದ್ದರು. ತುಕ್ಕು ತೆಗೆಯುವ ಹುರುಪಿನಲ್ಲಿ ಉಜ್ಜಿ ಫಳಫಳಿಸುವವರು ಆ ಲೇತಿನ ಗೆರೆಗಳನ್ನೇ ಅಳಿಸಿಬಿಡುತ್ತಾರೆ. ಅದು ನನಗೆ ನೋವಿನ ಸಂಗತಿ. ಅದಕ್ಕಿಂತ ಕೆಟ್ಟದ್ದೂ ಆಗುತ್ತದೆ: 2008ರಲ್ಲಿ ವರ್ಜೀನಿಯಾದಲ್ಲಿ ಇದೇ ಯುದ್ಧದ ಗುಂಡೊಂದನ್ನು ಶುಚಿ ಮಾಡುತ್ತಿದ್ದವರು ಅದು ಸಿಡಿದು ಸತ್ತರು.

ನಮ್ಮ ನಗರ ಕೋಟೆಯ ಕಥೆಯೂ ಇದಕ್ಕೆ ಹತ್ತಿರ. ಹೊಸನಗರ ತಾಲ್ಲೂಕಿನ ಆ ಊರಿನ ಬಾವಿಯೊಂದರಲ್ಲಿ 2002ರಲ್ಲಿ ಸುಮಾರು 160 ತುಕ್ಕು ಹಿಡಿದ ಕಬ್ಬಿಣದ ಕೊಳವೆಗಳು ಸಿಕ್ಕಾಗ ಅವನ್ನು ಶೆಲ್‌ಗಳೆಂದೇ ಎಣಿಸಿದರು. ಅವು ಟಿಪ್ಪುವಿನ ಕಾಲದ ರಾಕೆಟ್‌ಗಳೆಂದು ಗೊತ್ತಾಗಲು ವರ್ಷಗಳೇ ಹಿಡಿದವು. 2018ರಲ್ಲಿ ಮತ್ತೆ ಸಾವಿರಕ್ಕೂ ಹೆಚ್ಚು ಹೊರಬಂದವು. ಅಲ್ಲಿಯೂ ಕೇಳಬೇಕಾದ ಪ್ರಶ್ನೆ ಇದೇ: ಬುಡದಲ್ಲಿ ಏನಿದೆ? ರಾಕೆಟ್‌ಗೆ ನಳಿಗೆಯ ಹಂಗಿಲ್ಲ, ತೋಡು ಕಚ್ಚುವ ಬಳೆ ಬೇಕಿಲ್ಲ. ಬೆಂಕಿ ಹಿಂದಕ್ಕೆ ಉಗುಳಲು ಒಂದು ತೂತು ಬೇಕು, ಅಷ್ಟೆ.