ಇಳಿಯೋದನ್ನ ಯಾರೂ ಬರೆಯಲಿಲ್ಲ

ತೇಜಸ್ವಿಯವರು ಕನ್ನಡಕ್ಕೆ ತಂದ ‘ಕಾಡಿನ ಕತೆಗಳು’ ಸರಣಿಯನ್ನು ನಾನು ಮೊದಲು ಓದಿದ್ದು ಪಿಯುಸಿಯಲ್ಲಿದ್ದಾಗ. ಮೂಲ ಲೇಖಕ ಕೆನೆತ್ ಆಂಡರ್ಸನ್ ಬೆಂಗಳೂರಿನಲ್ಲೇ ಬಾಳಿದವನು ಅನ್ನೋದೇ ಆಗ ದೊಡ್ಡ ಥ್ರಿಲ್. ಸರಣಿಯ ಒಂದು ಪುಸ್ತಕದ ಹೆಸರು ‘ಜಾಲಹಳ್ಳಿಯ ಕುರ್ಕ’. ಕುರ್ಕ ಅಂದ್ರೆ ಚಿರತೆ. ನಾನೀಗ ಇರೋ ಗಂಗಾನಗರದಿಂದ ಜಾಲಹಳ್ಳಿಗೆ ಬೈಕಿನಲ್ಲಿ ಅರ್ಧ ಗಂಟೆ, ಟ್ರಾಫಿಕ್ ಇದ್ದರೆ ಒಂದು ಗಂಟೆ. ಚಿರತೆಯ ಊರಿಗೆ ಈಗ ಮೆಟ್ರೋ ಸ್ಟೇಷನ್ ಬಂದಿದೆ.

ಆ ಪುಸ್ತಕಗಳನ್ನು ಈಚೆಗೆ ಮತ್ತೆ ಕೈಗೆತ್ತಿಕೊಂಡೆ. ಕಾರಣ ನಮ್ಮಪ್ಪ.

ಅಪ್ಪನಿಗೆ ಅರವತ್ತಾರು. ರಾಗಿ ತೆನೆ ಬಿಡೋ ಕಾಲಕ್ಕೆ ಹಂದಿ ಕಾಯೋಕೆ ಹೊಲದ ಮಾವಿನ ಮರದ ಅಟ್ಟಣೆ ಹತ್ತುತ್ತಾರೆ. ಬೇಟೆಗಲ್ಲ. ಒಂದು ಟಾರ್ಚು, ಬಡಿಯೋಕೆ ಒಂದು ತಗಡಿನ ಡಬ್ಬ, ಒಂದು ಕಂಬಳಿ, ಅಷ್ಟೆ. ಈ ವರ್ಷ ಹತ್ತಬೇಡಪ್ಪ ಅಂತ ಫೋನಿನಲ್ಲಿ ಹೇಳಿದೆ. “ಹತ್ತೋದೇನು ಕಷ್ಟ ಅಲ್ಲ ಕಣೋ. ಬೆಳಗಿನ ಜಾವ ಇಳಿಯೋವಾಗ ಕಾಲಿಗೆ ಕೊಂಬೆ ಸಿಗಲ್ಲ” ಅಂದರು.

ಈ ಒಂದು ಮಾತು ತಲೆಯಲ್ಲಿಟ್ಟುಕೊಂಡು ಓದಿದರೆ ಬೇಟೆಯ ಕತೆಗಳು ಬೇರೆ ಥರ ಕಾಣುತ್ತವೆ. ಇವುಗಳ ನಿಜವಾದ ಶಕ್ತಿ ಗುಂಡು ಹೊಡೆಯೋದರಲ್ಲಿ ಇಲ್ಲ, ಮಚಾನಿನ ಮೇಲೆ ಕಾಯೋದರಲ್ಲಿದೆ. ಸೊಳ್ಳೆ ಕಚ್ಚಿದರೂ ಹೊಡೆಯುವಂತಿಲ್ಲ, ಕೆಮ್ಮು ಬಂದರೂ ಕೆಮ್ಮುವಂತಿಲ್ಲ. ದೂರದಲ್ಲಿ ಕಡವೆ ಕೂಗಿದರೆ ಮೈಯೆಲ್ಲ ಕಿವಿ. ತೇಜಸ್ವಿಯವರ ಕನ್ನಡದಲ್ಲಿ ಆ ಕತ್ತಲು ನಮ್ಮೂರಿನ ಕತ್ತಲೇ ಆಗಿಬಿಡುತ್ತೆ. ಆದರೆ ಗುಂಡು ಹಾರಿದ ಮೇಲೆ ಕತೆಗೆ ಅವಸರ. ರಾತ್ರಿಯಿಡೀ ಮಡಚಿದ್ದ ಮಂಡಿಯನ್ನು ಬಿಚ್ಚಿ, ಜೋಮು ಹಿಡಿದ ಕಾಲಲ್ಲಿ ಕೊಂಬೆ ತಡಕುತ್ತಾ ಕೆಳಗೆ ಬರೋದಕ್ಕೆ ಒಂದು ಸಾಲು ಸಿಕ್ಕರೆ ಹೆಚ್ಚು. ಕತೆ ಹೇಳುವವನೇ ಹೀರೋ ಆದಾಗ ಅವನ ಮಂಡಿಗೆ ವಯಸ್ಸಾಗೋದಿಲ್ಲ.

ಜಿಮ್ ಕಾರ್ಬೆಟ್ ಇಲ್ಲಿ ಸ್ವಲ್ಪ ಬೇರೆ. ಹುಟ್ಟಿದ್ದು 1875. ರುದ್ರಪ್ರಯಾಗದ ಚಿರತೆಯನ್ನು 1926ರಲ್ಲಿ ಮಾವಿನ ಮರದ ಮಚಾನಿನಿಂದ ಹೊಡೆದಾಗ ವಯಸ್ಸು ಐವತ್ತು. 1938ರಲ್ಲಿ ಥಾಕ್ ಊರಿನ ಹುಲಿಯ ಹಿಂದೆ ಹೋದಾಗ ಅರವತ್ಮೂರು. ನರಭಕ್ಷಕಗಳ ಬೇಟೆ ಇದೇ ಕೊನೆ ಅಂತ ನಿರ್ಧರಿಸಿಯೇ ಹೋಗಿದ್ದ. ಅಲ್ಲಿ ಮರದ ಮೇಲೆ ಕಾದಿದ್ದು ಫಲ ಕೊಡಲಿಲ್ಲ. ಕೊನೆಗೆ ಹೊಡೆದದ್ದು ಒಂದು ಬಂಡೆಯಿಂದ, ರೈಫಲ್ ಒದ್ದ ರಭಸಕ್ಕೆ ಅವನೇ ಹಿಂದಕ್ಕೆ ಉರುಳಿಬಿದ್ದ. ಹುಲಿ ಸತ್ತಿದ್ದನ್ನು ಮಾತ್ರ ಬರೆದು ಮುಗಿಸಬಹುದಿತ್ತು. ಬಿದ್ದಿದ್ದನ್ನೂ ಬರೆದ. ಆ ಕತೆಯನ್ನು ನಾನು ನಂಬೋದು ಅದಕ್ಕೇ.

ಅಮೆರಿಕದಲ್ಲಿ ಬಿಲ್ಲು ಹಿಡಿದು ಜಿಂಕೆ ಬೇಟೆ ಆಡೋರು ಇವತ್ತಿಗೂ ಮರವನ್ನೇ ನಂಬಿದ್ದಾರೆ. ಬಾಣಕ್ಕೆ ಪ್ರಾಣಿ ಇಪ್ಪತ್ತು ಮೂವತ್ತು ಮೀಟರ್ ಹತ್ತಿರ ಬರಬೇಕು, ಅಷ್ಟು ಹತ್ತಿರದಲ್ಲಿ ಕಣ್ಣಿಗೂ ಮೂಗಿಗೂ ತಪ್ಪಿಸಿಕೊಳ್ಳೋಕೆ ಎತ್ತರ ಬೇಕು. ಅವರಲ್ಲಿ ಮರ ಹತ್ತುವ ಆಸನವೇ ಇದೆ. ಎರಡು ಭಾಗ, ಒಂದಕ್ಕೆ ಪಾದ ಸಿಕ್ಕಿಸಿ, ಇನ್ನೊಂದರ ಮೇಲೆ ಭಾರ ಹಾಕಿ, ಕಂಬಳಿಹುಳದ ಥರ ಕಾಂಡದ ಮೇಲೆ ಏರೋದು. ನೆಲ ಬಿಟ್ಟ ಕ್ಷಣದಿಂದ ಮತ್ತೆ ನೆಲ ಮುಟ್ಟೋವರೆಗೆ ಮೈಗೆ ಕಟ್ಟಿದ ಬೆಲ್ಟು ಮರಕ್ಕೆ ಬಿಗಿದಿರಬೇಕು. ಬಿಲ್ಲನ್ನು ಕೈಯಲ್ಲಿ ಹಿಡಿದು ಹತ್ತುವಂತಿಲ್ಲ, ಆಮೇಲೆ ಹಗ್ಗದಲ್ಲಿ ಎಳೆದುಕೊಳ್ಳಬೇಕು. ಇಳಿಯೋದನ್ನ ಕತೆಗಾರರಿಗಿಂತ ಈ ಆಸನ ಮಾಡೋರು ಸೀರಿಯಸ್ಸಾಗಿ ತಗೊಂಡಿದ್ದಾರೆ!

ಬಿಲ್ಲು ಹಿಡಿದು ಮರ ಹತ್ತಿದವನೊಬ್ಬ ನಮ್ಮಲ್ಲೂ ಇದ್ದಾನೆ, ಶಿವರಾತ್ರಿಯ ಬೇಡ. ಶಿವಪುರಾಣದ ಈ ಕತೆಯನ್ನು ಜಾಗರಣೆಯ ರಾತ್ರಿ ಕೇಳದವರು ಯಾರು? ನೀರಿನ ಬಳಿ ಬಿಲ್ವದ ಮರದ ಮೇಲೆ ಕೂತಿದ್ದಾನೆ. ಮನೆಯಲ್ಲಿ ಎಲ್ಲರೂ ಹಸಿದಿದ್ದಾರೆ. ಒಂದೊಂದು ಜಾವಕ್ಕೂ ಜಿಂಕೆ ಬರುತ್ತೆ, ಮರಿಗಳನ್ನು ಒಪ್ಪಿಸಿ ಬರ್ತೀನಿ ಅಂತ ಮಾತು ಕೊಟ್ಟು ಹೋಗುತ್ತೆ. ಅವನು ಅಲುಗಾಡಿದಾಗೆಲ್ಲ ಎಲೆ ಕೆಳಗಿನ ಲಿಂಗದ ಮೇಲೆ ಬೀಳುತ್ತೆ. ಕೊನೆಗೆ ಜಿಂಕೆಗಳೆಲ್ಲ ವಾಪಸ್ ಬಂದಾಗ ಇವನಿಗೆ ಬಾಣ ಬಿಡೋಕಾಗೋದಿಲ್ಲ. ಪ್ರವಚನದವರು ಇದನ್ನು ಭಕ್ತಿಯ ಕತೆ ಅಂತಾರೆ, ಸರಿ. ನನಗೆ ಇದು ಕಾಯುವುದನ್ನು ಅತ್ಯಂತ ಚೆನ್ನಾಗಿ ಬಲ್ಲ ಬೇಟೆಯ ಕತೆ. ಒಂದು ಇಡೀ ರಾತ್ರಿ ಮರದ ಮೇಲೆ ಕೂತವನು ಹತ್ತಿದ ಮನುಷ್ಯನಾಗಿಯೇ ಇಳಿಯೋದಿಲ್ಲ ಅಂತ ಅದಕ್ಕೆ ಗೊತ್ತಿದೆ.

ಥ್ರಿಲ್ಲರ್‌ನಲ್ಲಿ ಮಂಡಿನೋವು ಯಾಕೆ ಹುಡುಕ್ತೀಯಾ ಅಂತ ನೀವು ಕೇಳಬಹುದು. 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಆ ಬೇಟೆಯ ಲೋಕ ಮುಗಿಯಿತು. ಆಂಡರ್ಸನ್ 1974ರಲ್ಲಿ ತೀರಿಕೊಂಡ. ನಮ್ಮಲ್ಲಿ ಯಾರೂ ಇನ್ನು ಕೋವಿ ಹಿಡಿದು ಮಚಾನಿನಲ್ಲಿ ಕೂರೋದಿಲ್ಲ. ಆದರೆ ವಯಸ್ಸಾದ ಅಪ್ಪ ಎಲ್ಲರ ಮನೆಯಲ್ಲೂ ಇದ್ದಾರೆ. ಅವರಿಗೆ ‘ಇಳಿಯಿರಿ’ ಅಂತ ಹೇಗೆ ಹೇಳೋದು? ನನಗೆ ಬೇಕಾಗಿದ್ದ ಆ ಮಾತು ನನ್ನ ಇಷ್ಟದ ಪುಸ್ತಕಗಳಲ್ಲಿ ಸಿಗಲಿಲ್ಲ.

ದಸರಾ ರಜೆಗೆ ಊರಿಗೆ ಹೋಗಿ ಬದುವಿನ ಮೇಲೆ ನಾಲ್ಕಡಿ ಎತ್ತರದ ಅಟ್ಟಣೆ ಕಟ್ಟಿದೆ, ಮೂರು ಮೆಟ್ಟಿಲಿಟ್ಟು. ಅಪ್ಪ ಒಂದು ರಾತ್ರಿ ಕೂತು ನೋಡಿದರು. “ಇಲ್ಲಿಂದ ಹಂದಿ ಎಲ್ಲಿ ಕಾಣುತ್ತೆ, ನಿನ್ನ ತಲೆ” ಅಂದರು. ಮಾವಿನ ಮರದ ಅಟ್ಟಣೆಯ ಹಲಗೆಗಳನ್ನು ಬಿಚ್ಚೋಣವಾ ಅಂದೆ. ಉತ್ತರ ಕೊಡಲಿಲ್ಲ. ಹಲಗೆ ಇನ್ನೂ ಅಲ್ಲೇ ಇದೆ.