ಪ್ರಯೋಗಾಲಯದಲ್ಲಿ ಬಾಯಿ ಮುಚ್ಚಿದ ಮಕ್ಕಳು

ನಮ್ಮ ವಿಶ್ವವಿದ್ಯಾಲಯಗಳ ರಸಾಯನಶಾಸ್ತ್ರ ವಿಭಾಗಗಳಿಗೆ ಬರುವವರಲ್ಲಿ ಕನ್ನಡ ಅಥವಾ ಉರ್ದು ಶಾಲೆಗಳಲ್ಲಿ ಓದಿದವರು ಅನೇಕರು. ಆಮ್ಲಜನಕ, ಜಲಜನಕ ಎಂದು ಕಲಿತವರು ಕಾಲೇಜಿಗೆ ಬಂದೊಡನೆ ಆಕ್ಸಿಜನ್, ಹೈಡ್ರೋಜನ್ ಎನ್ನಬೇಕು. ಹೆಸರು ಬದಲಿಸಿಕೊಳ್ಳುವುದು ದೊಡ್ಡ ಕಷ್ಟವಲ್ಲ. ಪ್ರಶ್ನೆ ಕೇಳುವುದು ಕಷ್ಟ. ಇಂಗ್ಲಿಷಿನಲ್ಲಿ ತಪ್ಪಾದೀತೆಂಬ ಅಂಜಿಕೆಯಿಂದ ಎಂ.ಎಸ್ಸಿ.ಯ ಎರಡು ವರ್ಷ ಸುಮ್ಮನೆ ಕುಳಿತ ಹುಡುಗಿ, ಪಿಎಚ್.ಡಿ.ಗೆ ಸೇರಿದ ಮೇಲೆ ಗೈಡ್ ಎದುರು ಬಾಯಿ ಬಿಡುವಳೇ? ಅವರು ಹೇಳಿದ ಸಂಯುಕ್ತವನ್ನು ತಯಾರಿಸುತ್ತಾಳೆ. ಬಂದ ಫಲಿತಾಂಶವನ್ನು ಹಿಂದಿನವರ ಪ್ರಬಂಧಗಳ ವಾಕ್ಯಗಳಲ್ಲೇ ವಿವರಿಸುತ್ತಾಳೆ.

ನಿಯಮಗಳು ಇಲ್ಲವೆಂದಲ್ಲ. ಯುಜಿಸಿ 2018ರಲ್ಲಿ ಕೃತಿಚೌರ್ಯ ತಡೆಯುವ ನಿಯಮ ತಂದಿತು. ಅದರ ಪ್ರಕಾರ ಹೋಲಿಕೆ ಶೇ. 10ರೊಳಗಿದ್ದರೆ ದಂಡನೆಯಿಲ್ಲ, ಶೇ. 60 ಮೀರಿದರೆ ನೋಂದಣಿಯೇ ರದ್ದು. ಪ್ರಬಂಧ ಸಲ್ಲಿಸುವ ಮೊದಲು ಲೇಖನ ಪ್ರಕಟಿಸಲೇಬೇಕೆಂಬ 2016ರ ಷರತ್ತನ್ನು 2022ರಲ್ಲಿ ಕೈಬಿಡಲಾಯಿತು. ಒಳ್ಳೆಯದೇ. ಆದರೆ ಸಾಫ್ಟ್‌ವೇರ್ ಅಳೆಯುವುದು ವಾಕ್ಯಗಳ ಹೋಲಿಕೆಯನ್ನು ಮಾತ್ರ. ಬರೆದವಳಿಗೆ ವಿಷಯ ಅರ್ಥವಾಗಿದೆಯೇ ಎಂದು ನೋಡುವವರು ಯಾರು?

ಉನ್ನತ ವಿಜ್ಞಾನಕ್ಕೆ ನಮ್ಮ ಭಾಷೆಗಳು ಒಗ್ಗುವುದಿಲ್ಲ ಎನ್ನುವವರು ಹೈದರಾಬಾದಿನ ಉಸ್ಮಾನಿಯಾ ವಿಶ್ವವಿದ್ಯಾಲಯದ ಚರಿತ್ರೆಯನ್ನು ನೋಡಬೇಕು. 1917ರಲ್ಲಿ ದಾರುಲ್ ತರ್ಜುಮಾ ಎಂಬ ಅನುವಾದ ಸಂಸ್ಥೆ, ಮರುವರ್ಷ ವಿಶ್ವವಿದ್ಯಾಲಯ ಸ್ಥಾಪನೆಯಾದವು. ರಸಾಯನಶಾಸ್ತ್ರ, ವೈದ್ಯಕೀಯಗಳನ್ನು ಅಲ್ಲಿ ಉರ್ದುವಿನಲ್ಲಿ ಕಲಿಸಿದರು. ಇಂಗ್ಲಿಷನ್ನು ದೂರವಿಡಲಿಲ್ಲ, ಅದು ಕಡ್ಡಾಯ ಭಾಷೆಯಾಗಿತ್ತು. 1948ರ ನಂತರ ಮಾಧ್ಯಮ ಇಂಗ್ಲಿಷಿಗೆ ಬದಲಾಯಿತು.

ಆದರೆ ಉರ್ದು ಪ್ರೇಮಿಗಳಾದ ನಾವು ಇದನ್ನು ಕೊಂಡಾಡಿ ಸುಮ್ಮನಾಗುವಂತಿಲ್ಲ. ಆ ಸಂಸ್ಥಾನದ ಬಹುಪಾಲು ಜನರ ಮಾತು ತೆಲುಗು, ಮರಾಠಿ, ಕನ್ನಡವಾಗಿತ್ತು. ಬೀದರ್, ರಾಯಚೂರು, ಕಲಬುರಗಿಯ ಕನ್ನಡ ಮನೆಯ ಹುಡುಗನಿಗೆ ಉರ್ದುವೂ ಹೊರಗಿನ ಭಾಷೆಯೇ. ಇಂದು ಇಂಗ್ಲಿಷ್ ನಮ್ಮ ಮಕ್ಕಳ ಮೇಲೆ ಹೇರುತ್ತಿರುವ ಹೊರೆಯನ್ನು ಅಂದು ಉರ್ದು ಅವನ ಮೇಲೆ ಹೇರಿತು. ದರಬಾರಿನ ಭಾಷೆ ಯಾವುದಾದರೇನು, ಬಡವನ ಮಗುವಿಗೆ ಅದು ಬೇಲಿಯೇ.

ಸಿ.ಎನ್.ಆರ್. ರಾವ್ ಕನ್ನಡ ಮಾಧ್ಯಮದಲ್ಲಿ ಓದಿಯೂ 1958ರಲ್ಲಿ ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದಿಂದ ಪಿಎಚ್.ಡಿ. ಪಡೆಯಲಿಲ್ಲವೇ ಎಂದು ಕೇಳುವವರಿದ್ದಾರೆ. ನಿಜ. ಆದರೆ ಅವರ ಮನೆಯಲ್ಲಿ ತಂದೆಯ ಒತ್ತಾಸೆಯಿಂದ ಇಂಗ್ಲಿಷ್ ಮಾತು ನಡೆಯುತ್ತಿತ್ತು. ಬೀಡಿ ಕಟ್ಟಿ ಮಗಳನ್ನು ಓದಿಸುವ ತಾಯಿಯ ಮನೆಯಲ್ಲಿ ಆ ಅನುಕೂಲ ಎಲ್ಲಿದೆ?

ಸಂಶೋಧನಾ ಲೇಖನಗಳು ಇಂಗ್ಲಿಷಿನಲ್ಲೇ ಇರಲಿ, ಜಗತ್ತು ಓದಬೇಕಲ್ಲ. ಆದರೆ ಲೇಖನ ಹುಟ್ಟುವ ಮೊದಲು ಪ್ರಯೋಗಾಲಯದಲ್ಲಿ ನಡೆಯುವ ಮಾತು, ಜಗಳ, ಸಂದೇಹಗಳು ಕನ್ನಡದಲ್ಲೋ ಉರ್ದುವಿನಲ್ಲೋ ಎರಡೂ ಬೆರೆತೋ ಏಕೆ ನಡೆಯಬಾರದು? ವಾರಕ್ಕೊಮ್ಮೆ ಎಲ್ಲರೂ ಕುಳಿತು, ಆ ವಾರ ಯಾವ ಪ್ರಯೋಗ ಕೆಟ್ಟಿತು, ಏಕೆ ಕೆಟ್ಟಿತು ಎಂದು ಒಬ್ಬೊಬ್ಬರಾಗಿ ಹೇಳಲಿ. ಮೌಖಿಕ ಪರೀಕ್ಷೆಯಲ್ಲಿ ಹತ್ತು ನಿಮಿಷ ತನ್ನ ಸಂಶೋಧನೆಯನ್ನು ತನ್ನ ಮಾತಿನಲ್ಲಿ ವಿವರಿಸುವ ಅವಕಾಶವಿರಲಿ. ಇದಕ್ಕೆ ಹೊಸ ಕಟ್ಟಡವೂ ಬೇಡ, ಅನುದಾನವೂ ಬೇಡ. ವಿದ್ಯಾರ್ಥಿಯ ಮುರುಕು ಇಂಗ್ಲಿಷನ್ನು ಕಂಡು ನಗದೆ, "ನಿನ್ನ ಭಾಷೆಯಲ್ಲೇ ಹೇಳಮ್ಮ" ಎನ್ನಬಲ್ಲ ಉಸ್ತಾದರು ಬೇಕು.