ನರಗಳಿಗೆ ನೆಮ್ಮದಿ ಸಿಕ್ಕರೆ ಸಾಕೆ?

ಮಥುರಾ ಪ್ರಕರಣವೆಂದೇ ಹೆಸರಾದ ಮೊಕದ್ದಮೆಯಲ್ಲಿ 1978ರಲ್ಲಿ ಸುಪ್ರೀಂ ಕೋರ್ಟಿನ ತೀರ್ಪು ಬಂತು. ಮಹಾರಾಷ್ಟ್ರದ ದೇಸಾಯಿಗಂಜ್ ಪೊಲೀಸ್ ಠಾಣೆಯಲ್ಲಿ 1972ರಲ್ಲಿ ಆದಿವಾಸಿ ಹುಡುಗಿಯೊಬ್ಬಳ ಮೇಲೆ ಅತ್ಯಾಚಾರ ನಡೆಸಿದ ಆರೋಪ ಹೊತ್ತ ಇಬ್ಬರು ಪೊಲೀಸರು ಖುಲಾಸೆಯಾದರು. ಹುಡುಗಿಯ ಮೈಮೇಲೆ ಗಾಯವಿರಲಿಲ್ಲ, ಆಕೆ ಕೂಗಿಕೊಂಡದ್ದು ನಂಬಲರ್ಹವಲ್ಲ ಎಂಬುದು ನ್ಯಾಯಾಲಯದ ತರ್ಕಗಳಲ್ಲಿ ಮುಖ್ಯವಾದದ್ದು. ನಾಲ್ಕು ದಶಕ ಕಳೆದು, 2020ರ ಜೂನ್‌ನಲ್ಲಿ, ಕರ್ನಾಟಕ ಹೈಕೋರ್ಟಿನ ಜಾಮೀನು ಆದೇಶವೊಂದರಲ್ಲಿ ಇದೇ ತರ್ಕದ ನೆರಳು ಬಿತ್ತು. ಕೃತ್ಯದ ನಂತರ ದಣಿದು ನಿದ್ದೆ ಹೋದೆನೆಂಬ ದೂರುದಾರೆಯ ಮಾತು ಭಾರತೀಯ ಹೆಣ್ಣಿಗೆ ತಕ್ಕದ್ದಲ್ಲ ಎಂದು ಅಲ್ಲಿ ಬರೆಯಲಾಗಿತ್ತು. ಟೀಕೆ ಎದ್ದ ಮೇಲೆ ಆ ಸಾಲನ್ನು ಕೈಬಿಡಲಾಯಿತು.

ಬೆದರಿದ ಮನುಷ್ಯ ಹೊಡೆದಾಡುತ್ತಾನೆ, ಕಿರುಚುತ್ತಾನೆ ಅಥವಾ ಓಡುತ್ತಾನೆ ಎಂಬುದು ಎರಡೂ ಪ್ರಕರಣಗಳ ಹಿಂದಿನ ಗ್ರಹಿಕೆ. ಇವು ಮೂರನ್ನೂ ಮಾಡಲಾಗದವರು ಎಷ್ಟು ಮಂದಿ? ಸ್ಟಾಕ್‌ಹೋಮಿನಲ್ಲಿ ಅತ್ಯಾಚಾರಕ್ಕೊಳಗಾದವರಿಗೆಂದೇ ಇರುವ ತುರ್ತು ಚಿಕಿತ್ಸಾಲಯಕ್ಕೆ ಒಂದು ತಿಂಗಳೊಳಗೆ ಬಂದ 298 ಮಹಿಳೆಯರನ್ನು ವಿಚಾರಿಸಿದ ಅಧ್ಯಯನವೊಂದು 2017ರಲ್ಲಿ ಪ್ರಕಟವಾಯಿತು. ಅವರಲ್ಲಿ ಶೇ. 70ರಷ್ಟು ಮಂದಿಗೆ ಆ ಗಳಿಗೆಯಲ್ಲಿ ಮೈ ಗಣನೀಯವಾಗಿ ಮರಗಟ್ಟಿತ್ತು. ಶೇ. 48ರಷ್ಟು ಮಂದಿಯಲ್ಲಿ ಅದು ತೀವ್ರವಾಗಿತ್ತು. ಹೀಗೆ ಮರಗಟ್ಟಿದವರಲ್ಲೇ ಆರು ತಿಂಗಳ ನಂತರ ಆಘಾತೋತ್ತರ ಒತ್ತಡದ ಕಾಯಿಲೆ ಹೆಚ್ಚಾಗಿ ಕಂಡುಬಂತು. ‘ನಾನೇಕೆ ಸುಮ್ಮನಿದ್ದೆ’ ಎಂಬ ಪ್ರಶ್ನೆ ಇವರನ್ನು ವರ್ಷಗಟ್ಟಲೆ ಕಾಡುತ್ತದೆ.

ಈ ಪ್ರಶ್ನೆಗೆ ಒಂದು ಉತ್ತರ ಕೊಟ್ಟದ್ದರಿಂದಲೇ ಅಮೆರಿಕದ ಮನಃಶರೀರವಿಜ್ಞಾನಿ ಸ್ಟೀಫನ್ ಪೋರ್ಜಸ್ ಆಘಾತ ಚಿಕಿತ್ಸೆಯ ಲೋಕದಲ್ಲಿ ಮನೆಮಾತಾದರು. 1994ರ ಭಾಷಣವೊಂದರಲ್ಲಿ ಮಂಡಿಸಿ ಮರುವರ್ಷ ಪ್ರಕಟಿಸಿದ ಅವರ ‘ಪಾಲಿವೇಗಲ್ ಸಿದ್ಧಾಂತ’ ಹುಟ್ಟಿದ್ದು ನವಜಾತ ಶಿಶುಗಳ ಎದೆಬಡಿತದ ಒಗಟಿನಿಂದ. ಮೆದುಳಿನ ಬುಡದಿಂದ ಹೊರಟು ಗಂಟಲು, ಹೃದಯ, ಹೊಟ್ಟೆಯವರೆಗೆ ಇಳಿಯುವ ವೇಗಸ್ ನರ ಹೃದಯಕ್ಕೆ ಕಡಿವಾಣ ಹಾಕುತ್ತದೆ. ಉಸಿರೆಳೆದಾಗ ಬಡಿತ ತುಸು ಏರಿ, ಬಿಟ್ಟಾಗ ತುಸು ಇಳಿಯುವುದು ಈ ನರದಿಂದ, ಅದು ಆರೋಗ್ಯದ ಗುರುತು. ಆದರೆ ಅವಧಿಗೆ ಮುಂಚೆ ಹುಟ್ಟಿದ ಕೂಸಿನ ಎದೆಬಡಿತ ಒಮ್ಮೆಲೇ ಕುಸಿದು ಜೀವಕ್ಕೇ ಎರವಾಗುವುದೂ ಇದೇ ನರದಿಂದ. ಕಾಯುವ ನರವೇ ಕೊಲ್ಲುವುದು ಹೇಗೆ?

ಪೋರ್ಜಸ್ ನರವನ್ನು ಎರಡಾಗಿ ಬಿಡಿಸಿದರು. ಹಿಂಬದಿಯ ನರಕೇಂದ್ರದಿಂದ ಹೊರಡುವುದು ಸರೀಸೃಪಗಳಿಂದ ಬಂದ ಹಳೆಯ ಕವಲು, ಅಪಾಯ ಮಿತಿಮೀರಿದಾಗ ಅದು ಮೈಯನ್ನು ಸ್ಥಗಿತಗೊಳಿಸುತ್ತದೆ. ಮುಂಬದಿಯದು ಸಸ್ತನಿಗಳಿಗೆ ಮಾತ್ರ ದಕ್ಕಿದ ಹೊಸ ಕವಲು, ಮುಖಭಾವ, ದನಿ, ಆಲಿಕೆಗಳ ಜೊತೆ ಹೆಣೆದುಕೊಂಡದ್ದು. ನಡುವೆ ಹೋರಾಟ-ಓಟದ ವ್ಯವಸ್ಥೆ. ಅಪಾಯವಿದೆಯೋ ಇಲ್ಲವೋ ಎಂಬುದನ್ನು ಮನಸ್ಸಿಗೆ ಗೊತ್ತಾಗುವ ಮೊದಲೇ ನರಮಂಡಲ ಅಳೆದುಬಿಡುತ್ತದೆ ಎಂದ ಅವರು 2004ರಲ್ಲಿ ಅದಕ್ಕೆ ‘ನ್ಯೂರೋಸೆಪ್ಷನ್’ ಎಂದು ಹೆಸರಿಟ್ಟರು. ಚಿಕಿತ್ಸೆಗೆ ಬಂದವರ ನರಮಂಡಲಕ್ಕೆ ಮೊದಲು ‘ಇಲ್ಲಿ ಅಪಾಯವಿಲ್ಲ’ ಎಂಬುದು ಮನದಟ್ಟಾಗಬೇಕು, ಅದಾಗದೆ ಮಾತು ಒಳಗಿಳಿಯದು ಎಂಬ ಸೂತ್ರ ಇಲ್ಲಿಂದ ಬಂತು.

ಮನೋವೈದ್ಯ ಬೆಸೆಲ್ ವ್ಯಾನ್ ಡರ್ ಕೋಲ್ಕ್ 2014ರ ತಮ್ಮ ಜನಪ್ರಿಯ ಪುಸ್ತಕದಲ್ಲಿ ಈ ಸಿದ್ಧಾಂತಕ್ಕೆ ದೊಡ್ಡ ವೇದಿಕೆ ಕೊಟ್ಟರು. ಡೆಬ್ ಡೇನಾ ಅದನ್ನು ಮೂರು ಮೆಟ್ಟಿಲ ಏಣಿಯ ಚಿತ್ರವಾಗಿಸಿ ಥೆರಪಿಸ್ಟರ ಕೈಗಿಟ್ಟರು. ಅಂಥವರ ಕೋಣೆಯಲ್ಲಿ ಬಾಗಿಲು ಕಾಣುವ ಕುರ್ಚಿಯನ್ನು ಬಂದವರೇ ಆರಿಸಿಕೊಳ್ಳುತ್ತಾರೆ. ಥೆರಪಿಸ್ಟ್ ದನಿ ತಗ್ಗಿಸಿ, ಏರಿಳಿತವಿಟ್ಟು ಮಾತಾಡುತ್ತಾರೆ. ಎದೆ ಡವಗುಟ್ಟಿದರೆ ಕಥೆ ಅಲ್ಲಿಗೇ ನಿಲ್ಲುತ್ತದೆ, ಪಾದ ನೆಲಕ್ಕೂರಿ, ಕೋಣೆಯನ್ನೆಲ್ಲ ಒಮ್ಮೆ ನೋಡಿ, ನಿಧಾನವಾಗಿ ಉಸಿರು ಬಿಟ್ಟ ಮೇಲೆ ಮುಂದಿನದು. ‘ನೀವು ಸುಮ್ಮನಿದ್ದದ್ದಲ್ಲ, ನಿಮ್ಮ ಮೈ ನಿಮ್ಮನ್ನು ಉಳಿಸಿಕೊಳ್ಳಲು ಹಾಗೆ ಮಾಡಿತು’ ಎಂಬ ಒಂದು ಮಾತಿಗೆ ವರ್ಷಗಳ ನಾಚಿಕೆಯನ್ನು ಸಡಿಲಿಸುವ ಕಸುವಿದೆ. ಈ ಸಿದ್ಧಾಂತದ ಅತಿ ದೊಡ್ಡ ಕೊಡುಗೆ ಇದೇ.

ಆದರೆ ಅದರ ಬುಡದಲ್ಲಿರುವ ಜೀವವಿಜ್ಞಾನ ಅಷ್ಟು ಗಟ್ಟಿಯಲ್ಲ. ಹೃದಯಕ್ಕೆ ಹೋಗುವ ಪೊರೆಯುಳ್ಳ ವೇಗಸ್ ತಂತುಗಳು ಸಸ್ತನಿಗಳ ಸೊತ್ತು ಎಂಬುದು ಪೋರ್ಜಸ್ ವಾದದ ಒಂದು ಕಂಬ. ದಕ್ಷಿಣ ಅಮೆರಿಕದ ಶ್ವಾಸಕೋಶ ಮೀನಿನಲ್ಲೂ ಅಂಥ ತಂತುಗಳಿವೆ, ಅದರ ಹೃದಯವೂ ಉಸಿರಿನ ತಾಳಕ್ಕೆ ಸ್ಪಂದಿಸುತ್ತದೆ ಎಂದು 2018ರಲ್ಲಿ ಸಂಶೋಧಕರು ತೋರಿಸಿದರು. ಇನ್ನೊಂದು ಕಂಬ, ಮೈ ಸ್ಥಗಿತಗೊಂಡಾಗ ಹೃದಯವನ್ನು ನಿಧಾನಿಸುವುದು ಹಿಂಬದಿಯ ಕವಲು ಎಂಬುದು. ಸಸ್ತನಿಗಳಲ್ಲಿ ಬಡಿತ ಇಳಿಸುವ ಕೆಲಸದ ಬಹುಪಾಲು ಮುಂಬದಿಯದ್ದೇ, ಹಿಂಬದಿಯ ಪಾತ್ರ ಬಲು ಸಣ್ಣದು. ಇನ್ನು ಪ್ರಾಣಿಗಳು ಬೆದರಿ ನಿಶ್ಚಲವಾಗುವುದರ ಹಿಂದೆ ನಡುಮೆದುಳಿನ ಬೂದುಭಾಗದ ಪಾತ್ರವೆಷ್ಟೆಂಬುದನ್ನು ಇಲಿಗಳ ಮೇಲಿನ ಪ್ರಯೋಗಗಳು ಬೇರೆಯೇ ಆಗಿ ಹೇಳುತ್ತಾ ಬಂದಿವೆ, ಅಲ್ಲಿ ಕಥಾನಾಯಕ ವೇಗಸ್ ಅಲ್ಲ. ಸಂಶೋಧಕ ಪಾಲ್ ಗ್ರಾಸ್‌ಮನ್ 2023ರಲ್ಲಿ ಸಿದ್ಧಾಂತದ ಐದು ಮೂಲ ಆಧಾರಗಳನ್ನು ಒಂದೊಂದಾಗಿ ಪರಿಶೀಲಿಸಿ, ಅವು ನಿಲ್ಲುವುದು ಕಷ್ಟ ಎಂದರು. ಉಸಿರಿನೊಂದಿಗೆ ಏರಿಳಿಯುವ ಬಡಿತವನ್ನು ವೇಗಸ್‌ನ ಬಲ ಅಳೆಯುವ ಮೀಟರಿನಂತೆ ಬಳಸುವುದಕ್ಕೂ ಅವರ ಆಕ್ಷೇಪವಿದೆ: ಉಸಿರಾಟದ ವೇಗ, ಆಳ ಬದಲಾದರೆ ಸಾಕು, ಆ ಅಂಕಿಯೂ ಬದಲಾಗುತ್ತದೆ. ವಿಮರ್ಶಕರು ತಮ್ಮ ಮಾತನ್ನು ತಿರುಚಿದ್ದಾರೆ ಎಂಬುದು ಪೋರ್ಜಸ್ ಉತ್ತರ. ಆದರೆ ಮೀನಿನ ನರ ಎಲ್ಲಿದೆಯೋ ಅಲ್ಲೇ ಇದೆ.

ಹಾಗಾದರೆ ಆ ಏಣಿ, ಆ ಕುರ್ಚಿ, ಆ ತಗ್ಗಿದ ದನಿ ಎಲ್ಲವೂ ವ್ಯರ್ಥವೆ? ಇಲ್ಲ. ಏಕೆಂದರೆ ಅವು ನಿಂತಿರುವುದು ವೇಗಸ್ ನರವೊಂದರ ಮೇಲೇ ಅಲ್ಲ. ಮನೋವೈದ್ಯೆ ಜೂಡಿತ್ ಹರ್ಮನ್ 1992ರಲ್ಲೇ, ಅಂದರೆ ಪೋರ್ಜಸ್ ಭಾಷಣಕ್ಕೆ ಎರಡು ವರ್ಷ ಮೊದಲೇ, ಚೇತರಿಕೆಯ ಮೊದಲ ಹಂತ ಸುರಕ್ಷತೆ ಎಂದು ಬರೆದಿದ್ದರು. ಜೇಮ್ಸ್ ಕೋನ್ ತಂಡ 2006ರಲ್ಲಿ 16 ವಿವಾಹಿತ ಮಹಿಳೆಯರನ್ನು ಸ್ಕ್ಯಾನರಿನಲ್ಲಿ ಮಲಗಿಸಿ ವಿದ್ಯುತ್ ಶಾಕ್‌ನ ಬೆದರಿಕೆ ಒಡ್ಡಿತು. ಗಂಡನ ಕೈ ಹಿಡಿದಾಗ ಮೆದುಳಿನ ಬೆದರಿಕೆಯ ಪ್ರತಿಕ್ರಿಯೆ ಇಳಿಯಿತು, ಅಪರಿಚಿತನ ಕೈ ಹಿಡಿದಾಗ ಅಷ್ಟಾಗಿ ಇಳಿಯಲಿಲ್ಲ, ದಾಂಪತ್ಯ ಚೆನ್ನಾಗಿದ್ದವರಲ್ಲಿ ಪರಿಣಾಮ ಇನ್ನೂ ಹೆಚ್ಚು. 1967ರಲ್ಲಿ ನಾಯಿಗಳ ಪ್ರಯೋಗದಿಂದ ‘ಕಲಿತ ಅಸಹಾಯಕತೆ’ಯ ಮಾತು ಹುಟ್ಟುಹಾಕಿದ ಸ್ಟೀವನ್ ಮೇಯರ್ ಮತ್ತು ಮಾರ್ಟಿನ್ ಸೆಲಿಗ್ಮನ್ ಅರ್ಧ ಶತಮಾನದ ನಂತರ, 2016ರಲ್ಲಿ, ತಮ್ಮ ತೀರ್ಮಾನವನ್ನೇ ತಿರುಗಿಸಿದರು: ದೀರ್ಘ ಸಂಕಟಕ್ಕೆ ಕೈಚೆಲ್ಲುವುದು ಕಲಿಯದೆಯೇ ಬರುವ ಪ್ರತಿಕ್ರಿಯೆ, ಕಲಿಯಬೇಕಾದದ್ದು ಹಿಡಿತ. ಯೋಸ್ ಬ್ರೋಸ್‌ಖಾಟ್ ಮತ್ತು ಸಂಗಡಿಗರೂ ಇದೇ ದಿಕ್ಕಿನವರು. ಒತ್ತಡದ ಪ್ರತಿಕ್ರಿಯೆ ಸದಾ ಉರಿಯುತ್ತಲೇ ಇರುತ್ತದೆ, ಸುರಕ್ಷತೆಯ ಸುಳಿವು ಸಿಕ್ಕಾಗ ಮಾತ್ರ ಅದಕ್ಕೆ ತಡೆ ಬೀಳುತ್ತದೆ ಎಂಬುದು ಅವರ ವಾದ.

ಸುರಕ್ಷತೆ ತಾನಾಗಿ ಇರುವುದಲ್ಲ, ಕಲಿತು ಬರುವುದು ಎಂದಾದರೆ ಅದನ್ನು ಕಲಿಯುವುದೆಲ್ಲಿ? ಚಿಕಿತ್ಸಕರು ಕಿತ್ತಾಡುವುದು ಇಲ್ಲೇ.

ಎಡ್ನಾ ಫೋವಾ ರೂಪಿಸಿದ ದೀರ್ಘ ಮುಖಾಮುಖಿ ಚಿಕಿತ್ಸೆಯಲ್ಲಿ ಬಂದವರು ಆಘಾತದ ನೆನಪನ್ನು ಕಣ್ಮುಚ್ಚಿ, ಈಗಲೇ ನಡೆಯುತ್ತಿದೆಯೆಂಬಂತೆ, ಮತ್ತೆ ಮತ್ತೆ ಹೇಳುತ್ತಾರೆ. ಎದೆ ಹೊಡೆದುಕೊಳ್ಳುತ್ತದೆ, ಬೆವರು ಕಿತ್ತುಬರುತ್ತದೆ. ಏಣಿಯ ಲೆಕ್ಕದಲ್ಲಿ ಇದು ನಡುವಿನ ಮೆಟ್ಟಿಲು, ಸುರಕ್ಷತೆಯದಲ್ಲ. ಆದರೂ ಅಮೆರಿಕನ್ ಸೈಕಲಾಜಿಕಲ್ ಅಸೋಸಿಯೇಷನ್‌ನ 2017ರ ಮಾರ್ಗಸೂಚಿ ಬಲವಾಗಿ ಶಿಫಾರಸು ಮಾಡಿದ ಚಿಕಿತ್ಸೆಗಳಲ್ಲಿ ಇದೊಂದು. ಸಂಕೀರ್ಣ ಆಘಾತವಾದವರಿಗೆ ಮೊದಲು ತಿಂಗಳುಗಟ್ಟಲೆ ಸ್ಥಿರತೆ ಕಲಿಸಿ, ಆಮೇಲೆ ನೆನಪಿಗೆ ಕೈ ಹಾಕಬೇಕೆಂದು ತಜ್ಞರು 2012ರಲ್ಲಿ ಸಲಹೆ ಕೊಟ್ಟಿದ್ದರು. ಅದಕ್ಕೆ ತಕ್ಕ ಪುರಾವೆಯಿಲ್ಲ, ಚಿಕಿತ್ಸೆ ಸುಮ್ಮನೆ ತಡವಾಗುತ್ತದೆ, ಮೇಲಾಗಿ ‘ನಿನ್ನಿಂದ ತಾಳಲಾಗದು’ ಎಂಬ ಸಂದೇಶ ಹೋಗುತ್ತದೆ ಎಂದು ಆಡ್ ಡಿ ಯೊಂಗ್ ಮತ್ತಿತರರು 2016ರಲ್ಲಿ ಪ್ರತಿವಾದ ಹೂಡಿದರು. ಈ ಪ್ರತಿವಾದವೇ ಹೆಚ್ಚು ಒಪ್ಪುವಂಥದ್ದು. ಗೋಡೆಗೆ ಬೆನ್ನು ಕೊಟ್ಟೇ ಕೂರುವುದು, ಜೊತೆಗಾರರಿಲ್ಲದೆ ಬಸ್ಸು ಹತ್ತದಿರುವುದು ನೆಮ್ಮದಿ ಕೊಡುತ್ತವೆ, ಹೆದರಿಕೆಯನ್ನು ಮಾತ್ರ ಹಾಗೇ ಉಳಿಸುತ್ತವೆ. ಈಜು ಕಲಿಯುವವರಿಗೆ ಸೊಂಟಕ್ಕೆ ಕಟ್ಟಿದ ಒಣ ಸೋರೆಬುರುಡೆ ಬೇಕು ನಿಜ, ಆದರೆ ಅದನ್ನು ಕಟ್ಟಿಕೊಂಡು ದಡದಲ್ಲೇ ಕೂತರೆ ಈಜು ಬಾರದು. ಬಾಗಿಲು ಕಾಣುವ ಕುರ್ಚಿಯ ಬೆಲೆ ಮುಂದಿನ ವಾರ ಬೇರೆ ಕುರ್ಚಿಯಲ್ಲಿ ಕೂರಲು ಸಾಧ್ಯವಾಯಿತೇ ಎಂಬುದರಲ್ಲಿದೆ.

ಬೆಂಗಳೂರಿಗೆ ಈ ಚರ್ಚೆ ಹೊರಗಿನದಲ್ಲ. 2004ರ ಸುನಾಮಿಯ ನಂತರ ಇಲ್ಲಿನ ಸ್ವಾಮಿ ವಿವೇಕಾನಂದ ಯೋಗ ಸಂಶೋಧನಾ ಸಂಸ್ಥೆಯ ಶರ್ಲಿ ಟೆಲ್ಲಿಸ್ ತಂಡ ಅಂಡಮಾನಿನ 47 ಸಂತ್ರಸ್ತರಿಗೆ ಒಂದು ವಾರ ಯೋಗ ಮಾಡಿಸಿ ಉಸಿರು, ಎದೆಬಡಿತ ಅಳೆಯಿತು. ಹೆದರಿಕೆ, ಆತಂಕ, ದುಃಖ, ನಿದ್ದೆಗೇಡು ಕಡಿಮೆಯಾದವು ಎಂದು 2007ರಲ್ಲಿ ವರದಿಯಾಯಿತು. ಹೋಲಿಸಿ ನೋಡಲು ಯೋಗ ಮಾಡದ ಗುಂಪು ಇರಲಿಲ್ಲ. 2010ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನ ನಾಗಪಟ್ಟಿಣಂ ಭಾಗದ ಶಿಬಿರಗಳ 183 ಮಂದಿಯದು. ಉಸಿರಾಟದ ತರಬೇತಿ ಪಡೆದವರು, ಅದರೊಂದಿಗೆ ನೆನಪಿಗೆ ಮುಖಾಮುಖಿಯಾದವರು, ಇನ್ನೂ ಸರದಿಗೆ ಕಾದವರು ಎಂದು ಮೂರು ಗುಂಪು. ಮೊದಲ ಎರಡೂ ಗುಂಪು ಗಣನೀಯವಾಗಿ ಚೇತರಿಸಿಕೊಂಡವು, ಮುಖಾಮುಖಿ ಸೇರಿಸಿದ್ದರಿಂದ ಹೆಚ್ಚಿನ ಲಾಭ ಕಾಣಲಿಲ್ಲ. ಮೇಲಿನ ವಾದಕ್ಕೆ ಇದು ಮುಜುಗರದ ಫಲಿತಾಂಶ, ಮುಚ್ಚಿಡುವಂತಿಲ್ಲ. ಗುಂಪು ಮಾಡಿದ್ದು ಚೀಟಿ ಎತ್ತಿಯಲ್ಲ, ಶಿಬಿರದ ಪ್ರಕಾರ ಎಂಬುದನ್ನೂ ಮರೆಯುವಂತಿಲ್ಲ. ಯೋಗಕ್ಕೆ, ಉಸಿರಾಟದ ತರಬೇತಿಗೆ ಗುಣವಿರಬಹುದು ಎಂದಷ್ಟೇ ಇವೆರಡರಿಂದ ಹೇಳಬಹುದು. ಅದು ವೇಗಸ್‌ನ ಹೊಸ ಕವಲಿನಿಂದ ಬಂತೆನ್ನಲು ಇವುಗಳಲ್ಲಿ ಏನೂ ಇಲ್ಲ.

ಇನ್‌ಸ್ಟಾಗ್ರಾಮಿಗೆ ಈ ಹಿಂಜರಿಕೆ ಎಲ್ಲಿಯದು? ಮುಖಕ್ಕೆ ಐಸ್ ನೀರು, ಗುನುಗುವ ಹಾಡು, ಕಿವಿಯ ಮಸಾಜು, ಎಲ್ಲಕ್ಕೂ ‘ವೇಗಸ್ ರೀಸೆಟ್’ ಎಂದೇ ಹೆಸರು. ಪೋರ್ಜಸ್ ಅವರದೇ ಐದು ಗಂಟೆಗಳ ಸೋಸಿದ ಸಂಗೀತದ ಕಾರ್ಯಕ್ರಮವೂ ಮಾರಾಟಕ್ಕಿದೆ.

ಇದರ ಪಕ್ಕದಲ್ಲಿ ಬೆಂಗಳೂರಿನ ಮಾನಸಿಕ ಆರೋಗ್ಯ ಸಂಸ್ಥೆ ನಿಮ್ಹಾನ್ಸ್‌ನ ಹಾದಿ ಇಟ್ಟು ನೋಡಬೇಕು. 1999ರ ಒಡಿಶಾ ಚಂಡಮಾರುತ, 2001ರ ಗುಜರಾತ್ ಭೂಕಂಪ, ಸುನಾಮಿ, ಇವುಗಳ ನಂತರ ಅದು ಊರಿನ ಕಾರ್ಯಕರ್ತರನ್ನೇ ತರಬೇತಿಗೊಳಿಸಿತು. ಮನಸ್ಸಿನಲ್ಲಿದ್ದುದನ್ನು ಹೇಳಿಕೊಳ್ಳಲು ಬಿಡುವುದು, ಗಮನವಿಟ್ಟು ಕೇಳುವುದು, ನೆಂಟರಿಷ್ಟರ ಆಸರೆ ಕೂಡಿಸುವುದು, ಕೈಗೊಂದು ಕೆಲಸ, ವಿಶ್ರಾಂತಿ, ನಂಬಿದ ದೇವರು ಎಲ್ಲವೂ ಆ ಪಾಠದಲ್ಲಿದ್ದವು, ಕೆಲಸ ನಡೆದದ್ದು ಪರಿಹಾರ ಮತ್ತು ಪುನರ್ವಸತಿಯ ಜೊತೆಜೊತೆಗೆ. ಪಾಲಿವೇಗಲ್ ಪುಸ್ತಕಗಳಲ್ಲಿ ಸುರಕ್ಷತೆ ಹೆಚ್ಚಾಗಿ ಚರ್ಮದ ಒಳಗೇ ಉಳಿಯುತ್ತದೆ. ಹರ್ಮನ್ ಹಾಗೆ ಬಿಡಲಿಲ್ಲ, ಮೈಯ ಮೇಲಿನ ಹಿಡಿತದಿಂದ ಶುರುವಾಗಿ ಸುತ್ತಲ ಜಾಗದವರೆಗೆ ಅದು ಹಬ್ಬಬೇಕು ಎಂದರು. ಹೊಡೆಯುವ ಗಂಡನಿರುವ ಮನೆಯಲ್ಲಿ ಹೆಂಡತಿಯ ನರಮಂಡಲ ಬೆಚ್ಚಿ ಕಾವಲಿದ್ದರೆ ಅದರ ಅಳತೆ ಸರಿಯಾಗಿಯೇ ಇದೆ, ಅದನ್ನು ‘ಶಾಂತಗೊಳಿಸುವುದು’ ಅಪಾಯಕ್ಕೆ ದೂಡಿದಂತೆ. ಅಲ್ಲಿ ಥೆರಪಿಸ್ಟರಿಗೆ 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ ಗೊತ್ತಿರಬೇಕು. ಕರ್ನಾಟಕದಲ್ಲಿ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳೇ ಅದರ ಸಂರಕ್ಷಣಾಧಿಕಾರಿಗಳು, ದೂರು ದಾಖಲಿಸಲು, ನ್ಯಾಯಾಲಯಕ್ಕೆ ವರದಿ ಕೊಡಲು ಅವರ ಕಚೇರಿಗೇ ಹೋಗಬಹುದು. ಆ ಕಾಯ್ದೆಯಡಿ ಹೆಂಡತಿಗೆ ಮನೆಯಲ್ಲಿ ಉಳಿಯುವ ಹಕ್ಕಿದೆ, ಬೇಕಾದರೆ ಮ್ಯಾಜಿಸ್ಟ್ರೇಟರು ಗಂಡನನ್ನೇ ಮನೆಯಿಂದ ಹೊರಗಿರುವಂತೆ ಆದೇಶಿಸಬಹುದು.